ಹಳೇ ವರ್ಕ್‌ಸ್ಟೇಶನ್ ಮೇಲೆ ಪ್ರಾಕ್ಸ್‌ಮಾಕ್ಸ್: ಉದ್ಯಾವರದಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ಸರ್ವರ್ ಅಲ್ಲದ ಮೆಷಿನ್ ಮೇಲೆ ಸರ್ವರ್ ಓಡಿಸ್ಬಹುದಾ ಅಂತ ಕೇಳುವವರ ಹತ್ರ ನಾನು ಈಗ ಮೊದಲು ಕೇಳುದು ಒಂದೇ, ಅದರ ನೆಟ್‌ವರ್ಕ್ ಚಿಪ್ ಯಾವುದು ಅಂತ. ಎಲ್ರೂ ಪ್ರಾಸೆಸರ್ ಹೇಳ್ತಾರೆ, ಇಷ್ಟು ಕೋರ್ ಉಂಟು, ಇಷ್ಟು ಜಿಬಿ ರ್ಯಾಮ್ ಉಂಟು ಅಂತ, ಹಿಂದೆ ಕೇಬಲ್ ಸಿಕ್ಕಿಸುವ ಪೋರ್ಟ್ ಯಾವುದು ಅಂತ ಹೆಚ್ಚಿನವರು ನೋಡಿಯೇ ಇರುದಿಲ್ಲ. ನಾನೂ ನೋಡಿರಲಿಲ್ಲ, ಅದು ಗೊತ್ತಾಗ್ಲಿಕ್ಕೆ ಒಂದು ಜುಲೈ ರಾತ್ರಿ ಸುರತ್ಕಲ್‌ನಿಂದ ಉದ್ಯಾವರದವರೆಗೆ ಜಡಿ ಮಳೆಯಲ್ಲಿ ಬೈಕ್ ಓಡಿಸ್ಬೇಕಾಯ್ತು. ಆ ಕತೆ ಕೆಳಗೆ ಬರ್ತದೆ. ಪ್ರಾಕ್ಸ್‌ಮಾಕ್ಸ್ ಅಂದ್ರೆ ಒಂದೇ ಮೆಷಿನ್ ಒಳಗೆ ಹಲವು ಕಂಪ್ಯೂಟರುಗಳನ್ನು ಬೇರೆ ಬೇರೆಯಾಗಿ ಓಡಿಸುವ ಸಾಫ್ಟ್‌ವೇರ್, ಆ ಒಳಗಿನ ಕಂಪ್ಯೂಟರುಗಳಿಗೇ ವರ್ಚುವಲ್ ಮೆಷಿನ್, ಚಿಕ್ಕದಾಗಿ ವಿಎಂ ಅನ್ನುದು.

ಭಾವನದ್ದು ಉದ್ಯಾವರದಲ್ಲಿ ಸಣ್ಣ ಗೇರುಬೀಜ ಫ್ಯಾಕ್ಟರಿ. ಆಫೀಸಲ್ಲಿ ಮೂರು ಹಳೇ ಡೆಸ್ಕ್‌ಟಾಪ್ ಮೂರು ಕೆಲಸಕ್ಕೆ ಅಂತ ಹಗಲು ರಾತ್ರಿ ಓಡ್ತಾ ಇದ್ವು. ಒಂದು ಟ್ಯಾಲಿಗೆ, ಒಂದು ಫೈಲ್ ಶೇರಿಗೆ, ಇನ್ನೊಂದು ಕೆಲಸದವರ ಹೆಬ್ಬೆಟ್ಟಿನ ಹಾಜರಿಗೆ. ಈ ಹಾಜರಿ ಸಾಫ್ಟ್‌ವೇರ್ ವಿಂಡೋಸ್ 7 ಬಿಟ್ಟು ಬೇರೆ ಯಾವುದರಲ್ಲೂ ಸರಿ ಓಡುದಿಲ್ಲ, ವಿಂಡೋಸ್ 7ಕ್ಕೆ ಸಪೋರ್ಟ್ ನಿಂತದ್ದು 2020ರ ಜನವರಿಯಲ್ಲಿ, ಆ ಡೆಸ್ಕ್‌ಟಾಪ್ ಏನಾದ್ರೂ ಸತ್ತುಹೋದ್ರೆ ಶನಿವಾರದ ಬಟವಾಡೆಗೆ ಹಾಜರಿ ಲೆಕ್ಕವೇ ಇಲ್ಲ. ಹೊಸ ಸರ್ವರ್‌ಗೆ ಕೊಟೇಶನ್ ತರ್ಸಿದ್ವಿ. ಭಾವ ನೋಡಿದ್ರು, ಮಡಚಿ ಡ್ರಾವರ್ ಒಳಗೆ ಇಟ್ರು, "ನೀನೇ ಎಂತಾದ್ರೂ ದಾರಿ ನೋಡು ಮಾರಾಯ" ಅಂದ್ರು.

ನಾನು ನೋಡಿದ ದಾರಿ ಸೆಕೆಂಡ್‌ಹ್ಯಾಂಡ್ ವರ್ಕ್‌ಸ್ಟೇಶನ್, ಅಂದ್ರೆ ಭಾರೀ ಕೆಲಸಕ್ಕೆ ಅಂತ ಮಾಡಿದ ಗಟ್ಟಿ ಡೆಸ್ಕ್‌ಟಾಪ್, ಹಳೇ ಡೆಸ್ಕ್‌ಟಾಪುಗಳ ಕೆಲಸವನ್ನು ಅದೊಂದರ ಒಳಗೇ ವಿಎಂ ಮಾಡಿ ಓಡಿಸುದು. ಮಂಗಳೂರಿನ ಒಂದು ಅಂಗಡಿಯಲ್ಲಿ ಸಿಕ್ತು, ಜಿಯಾನ್ ಇ5-1650 ವಿ3, 2014ರ ಪ್ರಾಸೆಸರ್, 6 ಕೋರ್ 12 ಥ್ರೆಡ್, ಅದಕ್ಕೆ 64 ಜಿಬಿ ಇಸಿಸಿ ರ್ಯಾಮ್ ಹಾಕ್ಸಿದೆ. ಈ ಇಸಿಸಿ ಅಂದ್ರೆ ಮೆಮೊರಿಯಲ್ಲಿ ಒಂದು ಬಿಟ್ ತಪ್ಪಿದ್ರೆ ಅದೇ ಹಿಡಿದು ಸರಿ ಮಾಡ್ತದೆ, ಸಾದಾ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಅದು ಇರುದಿಲ್ಲ, ವರ್ಕ್‌ಸ್ಟೇಶನ್ ತಕ್ಕೊಳ್ಳಿ ಅಂತ ನಾನು ಹೇಳುದು ಮುಖ್ಯವಾಗಿ ಇದಕ್ಕೇ. ಹಳೇ ಸರ್ವರುಗಳಿಂದ ಬಿಚ್ಚಿದ ರಿಜಿಸ್ಟರ್ಡ್ ಡಿಡಿಆರ್4 ರ್ಯಾಮ್ ಈ ಮೆಷಿನ್‌ಗೆ ಕೂತ್ಕೊಳ್ತದೆ, ಅದು ಡೆಸ್ಕ್‌ಟಾಪ್ ಬೋರ್ಡಿಗೆ ಆಗುದಿಲ್ಲ, ಹಾಗಾಗಿ ಮಾರ್ಕೆಟಲ್ಲಿ ಕಡಿಮೆಗೇ ಸಿಕ್ತಿತ್ತು.

ಸಾಫ್ಟ್‌ವೇರ್ ವಿಷಯಕ್ಕೆ ಬಂದ್ರೆ ನನಗೆ ಕೈ ಹಿಡಿದದ್ದು ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ, ಅದೂ ವಿಎಂ ಓಡಿಸುವ ಸಾಫ್ಟ್‌ವೇರೇ, ಹಿಂದಿನ ಕೆಲಸದಲ್ಲಿ ವರ್ಷಗಟ್ಟಲೆ ಅದನ್ನೇ ನೋಡಿಕೊಂಡವ. ಆದ್ರೆ 2023ರ ನವೆಂಬರಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ತಕ್ಕೊಂಡ ಮೇಲೆ ಒಮ್ಮೆ ದುಡ್ಡು ಕೊಟ್ಟು ಇಟ್ಟುಕೊಳ್ಳುವ ಲೈಸೆನ್ಸ್ ಹೋಯ್ತು, 2024ರ ಫೆಬ್ರವರಿಯಲ್ಲಿ ಫ್ರೀ ಇಎಸ್‌ಎಕ್ಸ್‌ಐ ಕೂಡ ನಿಂತುಹೋಯ್ತು. 2025ರ ಏಪ್ರಿಲಲ್ಲಿ 8.0 ಅಪ್‌ಡೇಟ್ 3ಇ ಜೊತೆ ಫ್ರೀ ವರ್ಷನ್ ವಾಪಸ್ ಬಂತು, ಅಷ್ಟೊತ್ತಿಗೆ ನಾವು ಬೇರೆ ಕಡೆ ಹೋಗಿ ಒಂದು ವರ್ಷ ಆಗ್ತಾ ಬಂದಿತ್ತು. ಮತ್ತೆ ಫ್ರೀ ವರ್ಷನ್‌ನಲ್ಲಿ ಬ್ಯಾಕಪ್ ಸಾಫ್ಟ್‌ವೇರುಗಳು ಬಳಸುವ ದಾರಿಯೇ ಬಂದ್. ನನ್ನ ಮಟ್ಟಿಗೆ ಬ್ಯಾಕಪ್ ಇಲ್ಲದ ವಸ್ತು ಫ್ರೀ ಕೊಟ್ರೂ ಬೇಡ.

ಸಪೋರ್ಟ್ ಇಲ್ಲದ ಹಾರ್ಡ್‌ವೇರ್ ಅಂದ್ರೆ ಇಎಸ್‌ಎಕ್ಸ್‌ಐ ತುಂಬ ಕಟ್ಟುನಿಟ್ಟು. 2020ರಲ್ಲಿ 7.0 ಬಂದಾಗ ಹಳೇ ಲಿನಕ್ಸ್ ಡ್ರೈವರುಗಳನ್ನು ಓಡಿಸ್ತಿದ್ದ ಪದರವನ್ನೇ ತೆಗ್ದುಹಾಕಿದ್ರು, ಅದರ ಮೇಲೆ ನಿಂತಿದ್ದ ರಿಯಲ್‌ಟೆಕ್ ಡ್ರೈವರುಗಳೆಲ್ಲ ಒಟ್ಟಿಗೇ ಹೋದ್ವು, ನೆಟ್‌ವರ್ಕ್ ಕಾರ್ಡ್ ಸಿಗ್ಲಿಲ್ಲ ಅಂದ್ರೆ ಅದರ ಇನ್‌ಸ್ಟಾಲರ್ ಮುಂದೆಯೇ ಹೋಗುದಿಲ್ಲ. 8.0ರಲ್ಲಿ ಸ್ಯಾಂಡಿ ಬ್ರಿಜ್ ಅಂತ 2011ರ ಹೊತ್ತಿಗೆ ಬಂದ ಇಂಟೆಲ್ ಪ್ರಾಸೆಸರುಗಳ ಸಪೋರ್ಟ್ ಬಿಟ್ರು, ಬೂಟ್ ಆಗುವಾಗ ಶಿಫ್ಟ್ ಮತ್ತು ಓ ಒತ್ತಿ 'ಅಲೋ ಲೆಗಸಿ ಸಿಪಿಯು' ಆಪ್ಷನ್ ಕೊಟ್ರೆ ಇನ್‌ಸ್ಟಾಲ್ ಆಗ್ತದೆ, ಆದ್ರೆ ನಾಳೆ ಅಪ್‌ಡೇಟ್ ಹಾಕುವಾಗ ಎಂತ ಆಗ್ತದೆ ಅಂತ ಯಾರೂ ಗ್ಯಾರಂಟಿ ಕೊಡುದಿಲ್ಲ. ಹೊಸ ಡೆಸ್ಕ್‌ಟಾಪುಗಳಲ್ಲಿ ಇನ್ನೊಂದು ತಲೆನೋವು, 12ನೇ ತಲೆಮಾರಿನ ಇಂಟೆಲ್‌ನಿಂದ ದೊಡ್ಡ ಕೋರ್ ಸಣ್ಣ ಕೋರ್ ಅಂತ ಎರಡು ಜಾತಿ ಒಂದೇ ಚಿಪ್ಪಲ್ಲಿ ಇರ್ತವೆ, ಎಲ್ಲ ಕೋರ್ ಒಂದೇ ತರ ಇಲ್ಲ ಅಂತ ಇಎಸ್‌ಎಕ್ಸ್‌ಐ ನೇರಳೆ ಸ್ಕ್ರೀನ್ ತೋರ್ಸಿ ನಿಂತುಬಿಡ್ತದೆ, ಅದಕ್ಕೂ ಬೂಟಲ್ಲಿ ಒಂದು ಆಪ್ಷನ್ ಕೊಡ್ಬೇಕು. ಮನೆಯಲ್ಲಿ ಕಲಿಲಿಕ್ಕೆ ಇದೆಲ್ಲ ಆಗ್ಬಹುದು, 60 ಜನರ ಬಟವಾಡೆ ನಿಂತಿರುವ ಮೆಷಿನ್‌ಗೆ ನನಗೆ ಮನಸ್ಸಾಗ್ಲಿಲ್ಲ.

ಹಾಗೆ ಪ್ರಾಕ್ಸ್‌ಮಾಕ್ಸ್ ವಿಇ 8.2 ಹಾಕಿದ್ದು. ಆಸ್ಟ್ರಿಯಾದ ವಿಯೆನ್ನಾದ ಕಂಪನಿಯದ್ದು, ಈ ಸಾಫ್ಟ್‌ವೇರ್ 2008ರಿಂದ ಉಂಟು, ಕೆಳಗೆ ಇರುದು ಡೆಬಿಯನ್ ಲಿನಕ್ಸ್, ವರ್ಚುವಲ್ ಮೆಷಿನ್ ಓಡಿಸುದು ಲಿನಕ್ಸ್ ಒಳಗೇ ಇರುವ ಕೆವಿಎಂ. ಲಿನಕ್ಸಿಗೆ ಡ್ರೈವರ್ ಉಂಟು ಅಂದ್ರೆ ಇದಕ್ಕೂ ಉಂಟು, ಹಳೇ ಮೆಷಿನ್ ಇಟ್ಟುಕೊಂಡವರಿಗೆ ಇದರಷ್ಟು ದೊಡ್ಡ ಸಮಾಧಾನ ಬೇರೆ ಇಲ್ಲ. ಸಬ್‌ಸ್ಕ್ರಿಪ್ಷನ್ ತಕ್ಕೊಂಡ್ರೆ ಲೆಕ್ಕ ಪ್ರಾಸೆಸರ್ ಕೂರುವ ಸಾಕೆಟ್‌ಗೆ, ಕೋರ್‌ಗೆ ಅಲ್ಲ. ತಕ್ಕೊಳ್ದೆ ಇದ್ರೆ ಪ್ರತೀ ಸಲ ಲಾಗಿನ್ ಆದಾಗ ಸಬ್‌ಸ್ಕ್ರಿಪ್ಷನ್ ಇಲ್ಲ ಅಂತ ಒಂದು ಡಬ್ಬಿ ಬರ್ತದೆ, ಓಕೆ ಒತ್ತಿದ್ರೆ ಮುಗೀತು, ಫೀಚರ್ ಒಂದೂ ಕಡಿಮೆ ಇಲ್ಲ. ಬಯಾಸಲ್ಲಿ ವಿಎಂಗಳಿಗೆ ಹಾರ್ಡ್‌ವೇರ್ ಸಹಾಯ ಕೊಡುವ ವಿಟಿ-ಎಕ್ಸ್, ವಿಟಿ-ಡಿ ಆನ್ ಉಂಟಾ ನೋಡ್ಕೊಳ್ಳಿ, ನಮ್ಮದರಲ್ಲಿ ಎರಡೂ ಆಫ್ ಇತ್ತು.

ಹಾಜರಿ ಡೆಸ್ಕ್‌ಟಾಪನ್ನು ಡಿಸ್ಕ್2ವಿಎಚ್‌ಡಿ ಅಂತ ಮೈಕ್ರೋಸಾಫ್ಟಿನ ಒಂದು ಸಣ್ಣ ಫ್ರೀ ಟೂಲ್ ಉಂಟು, ಅದರಿಂದ ಓಡ್ತಾ ಇರುವಾಗಲೇ ಇಡೀ ಡಿಸ್ಕ್ ಫೈಲ್ ಮಾಡಿ ತಂದು ಪ್ರಾಕ್ಸ್‌ಮಾಕ್ಸಿಗೆ ಇಂಪೋರ್ಟ್ ಮಾಡಿದೆ. ಇಲ್ಲಿ ಒಂದು ಮಾತು ನೆನಪಿಡಿ, ಹಾಗೆ ತಂದ ವಿಂಡೋಸ್ 7ಗೆ ವರ್ಟ್‌ಐಒ ಡಿಸ್ಕ್, ಅಂದ್ರೆ ವಿಎಂಗಳಿಗೆ ಅಂತಲೇ ಮಾಡಿದ ವೇಗದ ವರ್ಚುವಲ್ ಡಿಸ್ಕ್, ಎಂತ ಅಂತಲೇ ಗೊತ್ತಿಲ್ಲ, ನೇರ ಅದರಲ್ಲಿ ಸಿಕ್ಕಿಸಿದ್ರೆ ನೀಲಿ ಸ್ಕ್ರೀನ್ ಬರ್ತದೆ, ಮೊದಲು ಸಾಟಾ ಅಥವಾ ಐಡಿಇ ಅಂತ ಕೊಟ್ಟು ಬೂಟ್ ಮಾಡಿ. ಆ ಹಳೇ ಡೆಸ್ಕ್‌ಟಾಪಿನ ಅದೇ ವಾಲ್‌ಪೇಪರ್, ಅದೇ ಐಕಾನುಗಳು ನನ್ನ ಬ್ರೌಸರ್ ಒಳಗೆ ಎದ್ದು ಬಂದಾಗ ಲೆಕ್ಕದ ಅಕ್ಕ ಹಿಂದೆ ನಿಂತು ನೋಡ್ತಾ ಇದ್ದವರು "ಅಯ್ಯೋ ಇದು ನಮ್ಮದೇ ಅಲ್ವಾ" ಅಂದ್ರು, ನನಗೆ ನಿಜಕ್ಕೂ ತುಂಬ ಖುಷಿ ಆಯ್ತು. ಟ್ಯಾಲಿಗೆ ಹೊಸ ವಿಂಡೋಸ್ ವಿಎಂ ಮಾಡಿದೆ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪಟ್ಟಿ ಖಾಲಿ ಬರ್ತದೆ, ಹೆದರ್ಬೇಡಿ, ವರ್ಟ್‌ಐಒ ಐಎಸ್‌ಒ ಎರಡನೇ ಸಿಡಿ ತರ ಸಿಕ್ಕಿಸಿ 'ಲೋಡ್ ಡ್ರೈವರ್' ಒತ್ತಿದ್ರೆ ಡಿಸ್ಕ್ ಕಾಣ್ತದೆ. ಟ್ಯಾಲಿ ಲೈಸೆನ್ಸ್ ಮೆಷಿನ್‌ಗೆ ಕಟ್ಟಿಕೊಂಡಿರ್ತದೆ, ಹಳೇ ಮೆಷಿನಲ್ಲಿ ಸರೆಂಡರ್ ಮಾಡಿಯೇ ಹೊಸದ್ರಲ್ಲಿ ಆಕ್ಟಿವೇಟ್ ಮಾಡಿ.

ಈಗ ಆ ಜುಲೈ ರಾತ್ರಿ. ಎರಡು ತಿಂಗಳು ಒಂದೂ ತೊಂದರೆ ಇರಲಿಲ್ಲ. ಆಮೇಲೆ ರಾತ್ರಿ ಬ್ಯಾಕಪ್ಪನ್ನು ಭಾವನ ಮನೆಯ ಮೆಷಿನ್‌ಗೆ ನೆಟ್‌ವರ್ಕಲ್ಲಿ ಕಳಿಸ್ಲಿಕ್ಕೆ ಶುರು ಮಾಡಿದೆ, ಮೂರನೇ ದಿನ ಶುಕ್ರವಾರ ರಾತ್ರಿ ಎಲ್ಲ ಒಟ್ಟಿಗೆ ಮಾಯ. ಪಿಂಗ್ ಇಲ್ಲ, ವೆಬ್ ಪೇಜ್ ಇಲ್ಲ, ಏನಿಲ್ಲ. ವಾಚ್‌ಮನ್‌ಗೆ ಫೋನ್ ಮಾಡಿ ಕೇಳಿದ್ರೆ ಲೈಟ್ ಉರೀತಾ ಉಂಟು, ಫ್ಯಾನ್ ತಿರುಗ್ತಾ ಉಂಟು ಅಂದ. ನಿಜವಾದ ಸರ್ವರ್ ಆದ್ರೆ ಐಡ್ರ್ಯಾಕ್, ಐಎಲ್‌ಒ ಅಂತ ಬೇರೆಯೇ ಒಂದು ಸಣ್ಣ ಕಂಪ್ಯೂಟರ್ ಒಳಗೆ ಕೂತಿರ್ತದೆ, ಮೆಷಿನ್ ನೆಟ್‌ವರ್ಕ್ ಬಿದ್ರೂ ಮನೆಯಿಂದಲೇ ಸ್ಕ್ರೀನ್ ನೋಡ್ಬಹುದು. ವರ್ಕ್‌ಸ್ಟೇಶನಲ್ಲಿ ಆ ತರ ಇಲ್ಲ. ಬೆಳಿಗ್ಗೆ ಬಟವಾಡೆ. ರೈನ್‌ಕೋಟ್ ಹಾಕಿ ಹೊರಟೆ, ಮೂಲ್ಕಿ ಸೇತುವೆ ಮೇಲೆ ಎದುರಿಂದ ಬರುವ ಲಾರಿ ಲೈಟ್ ಬಿಟ್ಟು ಏನೂ ಕಾಣ್ತಿರಲಿಲ್ಲ, ಪಡುಬಿದ್ರಿ ದಾಟಿ ಕಾಪು ಮುಟ್ಟುವಾಗ ಶೂ ಒಳಗೆ ನೀರು.

ಮಾನಿಟರ್ ಸಿಕ್ಕಿಸಿದ್ರೆ ಕಪ್ಪು ಸ್ಕ್ರೀನಲ್ಲಿ ಒಂದೇ ಮಾತು ಎರಡೆರಡು ಸೆಕೆಂಡಿಗೆ ಬರ್ತಾ ಉಂಟು, 'ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್', ಅದರ ಹಿಂದೆ ಇ1000ಇ ಅಂತ ಡ್ರೈವರ್ ಹೆಸರು. ವಿಎಂಗಳೆಲ್ಲ ಒಳಗೆ ಆರಾಮ ಓಡ್ತಾ ಇದ್ವು, ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಒಂದೇ ಸ್ತಬ್ಧ. ದೊಡ್ಡ ಡೇಟಾವನ್ನು ಪ್ಯಾಕೆಟ್ ಮಾಡಿ ತುಂಡು ಮಾಡುವ ಕೆಲಸ ಪ್ರಾಸೆಸರ್ ತಾನು ಮಾಡ್ದೆ ನೆಟ್‌ವರ್ಕ್ ಚಿಪ್ಪಿಗೆ ಬಿಡ್ತದೆ, ಟಿಎಸ್‌ಒ ಅಂದ್ರೆ ಅದೇ, ಹೊರೆ ಜಾಸ್ತಿ ಆದಾಗ ಈ ಜಾತಿಯ ಕೆಲವು ಚಿಪ್ಪುಗಳು ಅಲ್ಲೇ ಸಿಕ್ಕಿಹಾಕಿಕೊಳ್ತವೆ. ಈಥ್‌ಟೂಲ್ ಕಮಾಂಡಿಂದ ಟಿಎಸ್‌ಒ, ಅದೇ ಜಾತಿಯ ಜಿಎಸ್‌ಒ ಎರಡನ್ನೂ ಆಫ್ ಮಾಡಿದೆ, ರೀಬೂಟ್ ಆದ್ರೂ ಹೋಗದ ಹಾಗೆ ಇಂಟರ್‌ಫೇಸಸ್ ಫೈಲಲ್ಲಿ 'ಪೋಸ್ಟ್-ಅಪ್' ಅಂತ ಒಂದು ಸಾಲು ಸೇರ್ಸಿದೆ. ಪ್ರಾಸೆಸರ್ ಮೇಲೆ ಚೂರು ಕೆಲಸ ಜಾಸ್ತಿ, 1 ಗಿಗಾಬಿಟ್ ಲೈನಿಗೆ 6 ಕೋರ್ ಜಿಯಾನ್ ಅದನ್ನು ಲೆಕ್ಕಕ್ಕೇ ತಕ್ಕೊಳ್ಳುದಿಲ್ಲ. ಅಂದಿನಿಂದ ಆ ಮೆಸೇಜ್ ಒಮ್ಮೆಯೂ ಬಂದಿಲ್ಲ. ಆದ್ರೂ ಮುಂದಿನ ವಾರವೇ ಸರ್ವರಿಂದ ಬಿಚ್ಚಿದ ಇಂಟೆಲ್ ಐ350 ಎರಡು ಪೋರ್ಟಿನ ಕಾರ್ಡ್ ತಂದು ಹಾಕಿದೆ. ಹಳೇ ಮೆಷಿನ್ ತಕ್ಕೊಳ್ಳುವವರು ಈ ಕಾರ್ಡಿನ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಹಿಡೀರಿ.

ಕಾರ್ಡ್ ಹಾಕಿದ ಮೇಲೆ ಇನ್ನೊಂದು ವಿಷಯ. ಪಿಸಿಐ ಸ್ಲಾಟಲ್ಲಿ ಹೊಸದೇನಾದ್ರೂ ಸೇರಿಸಿದ್ರೆ ನಂಬರ್ ಸರಿದು ನೆಟ್‌ವರ್ಕ್ ಕಾರ್ಡಿನ ಹೆಸರೇ ಬದಲಾಗ್ಬಹುದು, ವಿಎಂಗಳನ್ನು ಕಾರ್ಡಿಗೆ ಜೋಡಿಸುವ ಬ್ರಿಜ್ ಹಳೇ ಹೆಸರಿಗೆ ಕಾಯ್ತಾ ಕೂತ್ಕೊಳ್ತದೆ, ಮತ್ತೆ ನೆಟ್‌ವರ್ಕ್ ಇಲ್ಲ. 2025ರ ಆಗಸ್ಟಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ 9ರಲ್ಲಿ ಹೆಸರನ್ನು ಗಟ್ಟಿ ಮಾಡಿಡುವ ಟೂಲ್ ಕೊಟ್ಟಿದ್ದಾರೆ, ನಾನು ಅಪ್‌ಗ್ರೇಡ್ ಆದ ಕೂಡ್ಲೆ ಅದನ್ನೇ ಮಾಡಿದ್ದು. ಅಪ್‌ಗ್ರೇಡ್ ಮೊದಲು ಪಿವಿಇ8ಟು9 ಅಂತ ಚೆಕ್ ಮಾಡುವ ಸ್ಕ್ರಿಪ್ಟ್ ಉಂಟು, ಎಲ್ಲಿ ಕೆಂಪು ಎಲ್ಲಿ ಹಳದಿ ಅಂತ ಅದೇ ಹೇಳ್ತದೆ, ಅಚ್ಚುಕಟ್ಟಾದ ಕೆಲಸ.

ಡಿಸ್ಕ್ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮಲ್ಲಿ ಮಿರರ್, ಅಂದ್ರೆ ಒಂದೇ ಡೇಟಾ ಎರಡು ಡಿಸ್ಕಲ್ಲಿ ಇರುವ ಹಾಗೆ, ಮಾಡಿದ್ದು ಸರಿ, ಬೋರ್ಡಿನ ರೇಡ್ ನಂಬ್ಲಿಲ್ಲ ಅದೂ ಸರಿ, ಆದ್ರೆ ಹಾಕಿದ್ದು ಲ್ಯಾಪ್‌ಟಾಪಿಗೆ ಹಾಕುವ ಸಾದಾ ಎಸ್‌ಎಸ್‌ಡಿ. ಪ್ರಾಕ್ಸ್‌ಮಾಕ್ಸ್ ಸುಮ್ಮನೆ ಕೂತಿದ್ರೂ ಲಾಗ್, ಗ್ರಾಫ್ ಅಂತ ಬರೀತಾನೇ ಇರ್ತದೆ, ಝಡ್‌ಎಫ್‌ಎಸ್ ಅದನ್ನು ಇನ್ನೂ ಜಾಸ್ತಿ ಮಾಡ್ತದೆ. ಡಿಸ್ಕ್ ಪೇಜಲ್ಲಿ ಎಸ್‌ಎಸ್‌ಡಿ ಎಷ್ಟು ಸವೆದಿದೆ ಅಂತ ತೋರಿಸುವ ವೇರ್‌ಔಟ್ ಕಾಲಂ ಉಂಟು, ಒಂದು ವರ್ಷದೊಳಗೆ ಅದು 14 ಪರ್ಸೆಂಟ್ ತೋರ್ಸಿತು. ಈಗ ಕರೆಂಟ್ ಹೋದಾಗ ಡೇಟಾ ಕಾಯುವ ಕೆಪಾಸಿಟರ್ ಇರುವ ಡೇಟಾಸೆಂಟರ್ ಎಸ್‌ಎಸ್‌ಡಿ ಎರಡು ಹಾಕಿದ್ದೇನೆ, ಸೆಕೆಂಡ್‌ಹ್ಯಾಂಡೇ, ಟ್ಯಾಲಿ ಸೇವ್ ಆಗುವ ಸ್ಪೀಡ್ ಕೂಡ ಬದಲಾಗಿದೆ. ಝಡ್‌ಎಫ್‌ಎಸ್ ರ್ಯಾಮೆಲ್ಲ ತಿಂತದೆ ಅಂತ ಹೇಳ್ತಾರಲ್ಲ, 8.1ರಿಂದ ಹೊಸ ಇನ್‌ಸ್ಟಾಲಲ್ಲಿ ಅದರ ಕ್ಯಾಶ್ ಒಟ್ಟು ರ್ಯಾಮಿನ 10 ಪರ್ಸೆಂಟ್, ಜಾಸ್ತಿ ಅಂದ್ರೆ 16 ಜಿಬಿ ಅಂತ ಕಟ್ಟಿಟ್ಟಿದ್ದಾರೆ, ಮೊದಲು ಅರ್ಧದವರೆಗೆ ಹೋಗ್ತಿತ್ತು.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ಹೇಳುದು ಬೇಡ, ಸಿಡಿಲು ಶುರುವಾದ್ರೆ ಸಂಜೆ ನಾಲ್ಕು ಸಲ ಹೋಗಿ ಬರ್ತದೆ. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಮೆಷಿನ್‌ಗೆ ಸಿಕ್ಕಿಸಿ ನಟ್ ಅಂತ ಒಂದು ಸಾಫ್ಟ್‌ವೇರ್ ಹಾಕಿ, ಕೆಳಗೆ ಡೆಬಿಯನ್ ಇರುದ್ರಿಂದ ಒಂದೇ ಕಮಾಂಡಲ್ಲಿ ಬರ್ತದೆ. ಬ್ಯಾಟರಿ ಇಳಿದ್ರೆ ಅದು ಹೋಸ್ಟನ್ನು, ಅಂದ್ರೆ ಪ್ರಾಕ್ಸ್‌ಮಾಕ್ಸ್ ಇರುವ ಮೆಷಿನನ್ನು, ಶಟ್‌ಡೌನ್ ಮಾಡ್ತದೆ, ಹೋಸ್ಟ್ ಮೊದಲು ವಿಎಂಗಳನ್ನು ಒಂದೊಂದಾಗಿ ಮಲಗ್ಸಿ ಆಮೇಲೆ ತಾನು ಮಲಗ್ತದೆ. ವಿಎಂ ಒಳಗೆ ಗೆಸ್ಟ್ ಏಜೆಂಟ್, ಅಂದ್ರೆ ಹೋಸ್ಟಿನ ಮಾತು ಕೇಳುವ ಸಣ್ಣ ಸಾಫ್ಟ್‌ವೇರ್, ಹಾಕ್ಲೇಬೇಕು. ಬಯಾಸಲ್ಲಿ ಕರೆಂಟ್ ಬಂದ ಮೇಲೆ ತಾನೇ ಆನ್ ಆಗುವ ಸೆಟ್ಟಿಂಗ್ ಉಂಟು, ಅದನ್ನು ಮರೀಬೇಡಿ.

ಇನ್ನೊಂದು ಈ ಊರಿನದ್ದೇ ತೊಂದರೆ, ಉಪ್ಪು ಗಾಳಿ. ಮೊದಲನೇ ಮಳೆಗಾಲ ಮುಗಿದ ಮೇಲೆ ಇಸಿಸಿ ಲಾಗಲ್ಲಿ ಒಂದೇ ಸ್ಲಾಟಿನ ಎರರ್ ದಿನಕ್ಕೆ ಒಂದೆರಡು ಬರ್ಲಿಕ್ಕೆ ಶುರುವಾಯ್ತು, ಮೆಷಿನ್ ಮಾತ್ರ ನಿಲ್ಲದೆ ಓಡ್ತಾನೇ ಇತ್ತು. ರ್ಯಾಮ್ ತೆಗ್ದು ನೋಡಿದೆ, ಚಿನ್ನದ ಬಣ್ಣದ ಹಲ್ಲುಗಳ ಸಾಲಲ್ಲಿ ಒಂದು ತುದಿ ಮಾತ್ರ ಮಂಕಾಗಿ ಕಂದು ಕಲೆ ಕಟ್ಟಿತ್ತು, ಬೋರ್ಡಿನ ಮೇಲೆ ಗೇರುಬೀಜದ ಸಿಪ್ಪೆಯ ನುಣ್ಣನೆ ಕೆಂಪು ಧೂಳು, ಕೈಗೆ ಚೂರು ಜಿಡ್ಡು. ಶಾಲೆ ಮಕ್ಕಳ ಬಿಳಿ ರಬ್ಬರಲ್ಲಿ ಮೆಲ್ಲ ಉಜ್ಜಿ, ಬ್ರಷಲ್ಲಿ ಗುಡಿಸಿ, ವಾಪಸ್ ಹಾಕಿದ ಮೇಲೆ ಎರರ್ ಸೊನ್ನೆ. ಸಾದಾ ರ್ಯಾಮ್ ಆಗಿದ್ರೆ ಈ ತಪ್ಪು ಯಾವ ಲಾಗಲ್ಲೂ ಕಾಣ್ತಿರಲಿಲ್ಲ, ಸೀದಾ ಯಾರದ್ದಾದ್ರೂ ಸಂಬಳದ ಲೆಕ್ಕದೊಳಗೆ ಹೋಗಿ ಕೂರ್ತಿತ್ತೋ ಏನೋ. ಈಗ ಮೆಷಿನ್ ಧೂಳು ಬರುವ ಕಡೆಯಿಂದ ಒಳಗಿನ ರೂಮಿಗೆ ಹೋಗಿದೆ, ಆಯುಧಪೂಜೆಗೆ ಪ್ರತೀ ವರ್ಷ ಬಿಚ್ಚಿ ಕ್ಲೀನ್ ಮಾಡುದು ಅಂತ ಇಟ್ಟುಕೊಂಡಿದ್ದೇವೆ.

ಬ್ಯಾಕಪ್ಪಿಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್, ಅದೂ ಫ್ರೀ, ಭಾವನ ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪಲ್ಲೇ ಓಡ್ತಾ ಉಂಟು. ದಿನಾ ಬದಲಾದ ತುಂಡು ಮಾತ್ರ ಹೋಗ್ತದೆ, ಹಾಗಾಗಿ ರಾತ್ರಿ ಹತ್ತು ನಿಮಿಷದ ಕೆಲಸ. ಇಡೀ ಸೆಟಪ್ಪಲ್ಲಿ ನನಗೆ ತುಂಬ ಇಷ್ಟ ಆದದ್ದು ಇದು. ಮೂರು ತಿಂಗಳಿಗೊಮ್ಮೆ ಹಾಜರಿ ವಿಎಂ ಬ್ಯಾಕಪ್ಪಿಂದ ಬೇರೆ ನಂಬರಲ್ಲಿ ರಿಸ್ಟೋರ್ ಮಾಡಿ, ನೆಟ್‌ವರ್ಕ್ ಕೇಬಲ್ ಬಿಚ್ಚಿದ ಹಾಗೆ ಇಟ್ಟು ಆನ್ ಮಾಡಿ, ಅಕ್ಕನಿಗೆ ಕಳೆದ ವಾರದ ಪಟ್ಟಿ ತೆಗೆದು ತೋರಿಸ್ತೇನೆ, ಅವರು ಸರಿ ಉಂಟು ಅಂದ ಮೇಲೆಯೇ ಡಿಲೀಟ್.

ಕರೆಂಟ್ ಬಿಲ್ಲಿನ ಬಗ್ಗೆ ಕೇಳುವವರಿಗೆ, ಪ್ಲಗ್ ಮೀಟರ್ ಹಾಕಿ ನೋಡಿದ್ರೆ ಸಾಧಾರಣ 80 ವ್ಯಾಟ್ ಎಳೀತದೆ, ಅದಕ್ಕಿಂತ ಮೊದಲಿನ ಮೂರು ಡೆಸ್ಕ್‌ಟಾಪ್ ಸೇರಿ ಜಾಸ್ತಿ ಎಳೀತಿದ್ವು. ಈ ಜಿಯಾನ್ ಒಳಗೆ ಗ್ರಾಫಿಕ್ಸ್ ಇಲ್ಲ, ಒಂದು ಸಣ್ಣ ಕಾರ್ಡ್ ಬೇಕೇ ಬೇಕು, ಫ್ಯಾನ್ ಇಲ್ಲದ್ದು ಹಾಕಿ. ಒಂದು ಭಯ ಉಳಿದಿದೆ. ಇಂತಹ ವರ್ಕ್‌ಸ್ಟೇಶನ್‌ಗಳ ಪವರ್ ಸಪ್ಲೈ ಹೆಚ್ಚಿನವು ಅಂಗಡಿಯಲ್ಲಿ ಸಿಗುವ ಎಟಿಎಕ್ಸ್ ಅಲ್ಲ, ಕನೆಕ್ಟರೇ ಬೇರೆ, ಹೋದ್ರೆ ಮಂಗಳೂರು ಇಡೀ ಹುಡುಕಿದ್ರೂ ಆ ದಿನಕ್ಕೆ ಸಿಗ್ಲಿಕ್ಕಿಲ್ಲ. ಮೊನ್ನೆ ಭಾವನ ಹತ್ರ ಹೇಳಿದೆ, ಅವರು ಹೆಚ್ಚು ಮಾತಾಡ್ಲಿಲ್ಲ, "ಒಂದು ತಂದಿಡು" ಅಂದ್ರು. ತಂದಿದ್ದೇನೆ, ಎರಡು ಪ್ಲಾಸ್ಟಿಕ್ ಸುತ್ತಿ ಅಕ್ಕಿ ಡಬ್ಬಿಯಷ್ಟು ದೊಡ್ಡ ಡಬ್ಬಿಯೊಳಗೆ ಅದೇ ರೂಮಲ್ಲಿ ಇಟ್ಟಿದ್ದೇವೆ.