ಸಂಸದ್ ಟಿವಿ: ನಾಯಕರನ್ನು ಅಳೆಯೋಕೆ ಇದಕ್ಕಿಂತ ಒಳ್ಳೆ ಚಾನೆಲ್ ಇಲ್ಲ, ಆದರೆ ಕ್ಯಾಮೆರಾ ಎರಡೂ ಕಡೆ ತಿರುಗಬೇಕು

ಸುದ್ದಿ ಚಾನೆಲ್ ಬಿಟ್ಟು ಸಂಸತ್ತಿನ ಕಲಾಪ ತೋರಿಸುವ ಸಂಸದ್ ಟಿವಿ ನೋಡಿ ಅಂತ ದಾವಣಗೆರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. "ಅದರಾಗ ಏನೈತಪ್ಪ, ಬರೀ ಗದ್ದಲ" ಅಂತಲೇ ಬಹಳ ಜನ ಹೇಳುತ್ತಾರೆ. ಗದ್ದಲ ಇರುತ್ತೆ, ನಿಜ. ಆದರೆ ನಮ್ಮನ್ನು ಆಳುವವರು ಹೇಗಿದ್ದಾರೆ ಅಂತ ಕತ್ತರಿ ಹಾಕದೆ ತೋರಿಸುವ ಚಾನೆಲ್ ಬೇರೆ ಯಾವುದಿದೆ? ಅದಕ್ಕೇ ಈ ವಿಮರ್ಶೆ.

ನಾನು ಉದಾರವಾದಿ ಮನಸ್ಸಿನವನು ಅಂತ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರವನ್ನು ಪ್ರಶ್ನೆ ಮಾಡೋದು ತಪ್ಪಲ್ಲ, ಕಡಿಮೆ ಜನ ಇರುವವರ ಮಾತಿಗೂ ಸದನದಲ್ಲಿ ಜಾಗ ಇರಬೇಕು, ಯಾರ ಧರ್ಮ ಯಾವುದು ಅಂತ ನೋಡಿ ಕಾನೂನು ಮಾಡಬಾರದು. ನನ್ನ ನಂಬಿಕೆ ಇಷ್ಟೇ. ಈ ಕಣ್ಣಿನಿಂದ ನೋಡಿದವನ ಅಭಿಪ್ರಾಯ ಇದು ಅಂತ ತಿಳಿದುಕೊಂಡು ಓದಿ.

ಮೊದಲು ಲೋಕಸಭಾ ಟಿವಿ ಅಂತ ಒಂದಿತ್ತು, 2006ರಲ್ಲಿ ಶುರುವಾಗಿದ್ದು. ರಾಜ್ಯಸಭಾ ಟಿವಿ 2011ರಲ್ಲಿ ಬಂತು. ಎರಡನ್ನೂ ಸೇರಿಸಿ 2021ರ ಸೆಪ್ಟೆಂಬರ್ 15ಕ್ಕೆ ಸಂಸದ್ ಟಿವಿ ಮಾಡಿದರು. ಅಧಿವೇಶನ ಇದ್ದಾಗ ಎರಡೂ ಸದನ ಲೈವ್ ಬರುತ್ತೆ. ಟಿವಿಯಲ್ಲಿ ಸಿಗದಿದ್ದರೆ ಯೂಟ್ಯೂಬ್ ಇದೆ, ಹಳೇ ಚರ್ಚೆಗಳೂ ಅಲ್ಲೇ ಸಿಗುತ್ತವೆ. ನನ್ನ ಮಟ್ಟಿಗೆ ಈ ಸೇವೆಯ ಅತಿ ದೊಡ್ಡ ಲಾಭ ಅದೇ. ವಾಟ್ಸಾಪಿನಲ್ಲಿ ಮೂವತ್ತು ಸೆಕೆಂಡಿನ ತುಣುಕು ಬಂದ ಕೂಡಲೇ ಅದರ ಹಿಂದೆ ಮುಂದೆ ಏನು ಮಾತಾಡಿದ್ದರು ಅಂತ ನಾವೇ ಹುಡುಕಿ ನೋಡಬಹುದು. ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಡೆಯುವ ಎಷ್ಟೋ ಜಗಳ ಇಷ್ಟರಲ್ಲೇ ಮುಗಿಯುತ್ತೆ.

ಏನು ನೋಡಬೇಕು ಅಂದರೆ ಲೋಕಸಭೆಯ ಪ್ರಶ್ನೋತ್ತರ ಅವಧಿ ನೋಡಿ, ಬೆಳಿಗ್ಗೆ 11ರಿಂದ 12. ರಾಜ್ಯಸಭೆಯಲ್ಲಿ 12ರಿಂದ 1. ಸ್ಟುಡಿಯೋದ ಚರ್ಚಾ ಕಾರ್ಯಕ್ರಮಗಳೂ ಬರುತ್ತವೆ, ಅವು ಸಪ್ಪೆ, ಬಿಟ್ಟರೂ ನಷ್ಟ ಇಲ್ಲ. ಪ್ರಶ್ನೋತ್ತರದಲ್ಲಿ ಮಂತ್ರಿ ತನ್ನ ಇಲಾಖೆ ಗೊತ್ತಿದ್ದು ಮಾತಾಡುತ್ತಾರೋ, ಚೀಟಿ ನೋಡಿ ಓದುತ್ತಾರೋ, ಕೇಳಿದ್ದು ಬಿಟ್ಟು ಹಿಂದಿನ ಸರ್ಕಾರವನ್ನು ಬೈಯುತ್ತಾರೋ, ಎಲ್ಲ ಎರಡೇ ನಿಮಿಷದಲ್ಲಿ ತಿಳಿಯುತ್ತೆ. ಭಾಷಣದಲ್ಲಿ ಯಾರು ಬೇಕಾದರೂ ದೊಡ್ಡವರಾಗಿ ಕಾಣಬಹುದು. ಎದುರಿಗಿದ್ದವರು ಮರುಪ್ರಶ್ನೆ ಹಾಕಿದಾಗ ನಿಲ್ಲೋದು ಕಷ್ಟ.

ಇದು ಯಾಕೆ ಮುಖ್ಯ ಅಂದರೆ, ಪ್ರಧಾನಿ ನರೇಂದ್ರ ಮೋದಿಯವರು ಮರುಪ್ರಶ್ನೆಗೆ ಸಿಗೋದೇ ಅಪರೂಪ. 2019ರ ಮೇ ತಿಂಗಳಲ್ಲಿ ಪಕ್ಷದ ಪತ್ರಿಕಾಗೋಷ್ಠಿಗೆ ಬಂದು ಕೂತರು, ಆದರೆ ಒಂದು ಪ್ರಶ್ನೆಗೂ ತಾವು ಉತ್ತರ ಕೊಡಲಿಲ್ಲ. ಮಣಿಪುರದ ಹಿಂಸೆ ಶುರುವಾಗಿದ್ದು 2023ರ ಮೇ 3ಕ್ಕೆ. ಸದನದಲ್ಲಿ ಅವರ ಬಾಯಿಂದ ಒಂದು ಮಾತು ಕೇಳೋಕೆ ವಿರೋಧ ಪಕ್ಷಗಳು ಅವಿಶ್ವಾಸ ನಿರ್ಣಯವನ್ನೇ ತರಬೇಕಾಯಿತು. ಆಗಸ್ಟ್ 10ಕ್ಕೆ ಉತ್ತರ ಕೊಟ್ಟರು, ಎರಡು ಗಂಟೆಗೂ ಜಾಸ್ತಿ ಮಾತಾಡಿದರು, ಆದರೆ ಮಣಿಪುರದ ವಿಷಯಕ್ಕೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಗಂಟೆ ಆಗಿತ್ತು, ಅಷ್ಟೊತ್ತಿಗೆ ವಿರೋಧ ಪಕ್ಷದವರು ಎದ್ದು ಹೊರಗೆ ಹೋಗಿದ್ದರು. ಸುದ್ದಿ ಚಾನೆಲ್‌ಗಳಲ್ಲಿ ಆ ಭಾಷಣದ ಚಪ್ಪಾಳೆಯ ಭಾಗ ಬಂತು. ಇಡೀ ಭಾಷಣ ನೋಡಿದವರಿಗೆ ಮಾತ್ರ ಯಾವುದಕ್ಕೆ ಎಷ್ಟು ಸಮಯ ಕೊಟ್ಟರು ಅಂತ ಗೊತ್ತಾಗೋದು. ನನಗೆ ನಾಯಕತ್ವ ಅಂದರೆ ಆ ಸಮಯದ ಹಂಚಿಕೆಯೇ. ಜನ ಸಾಯುತ್ತಿರುವ ವಿಷಯ ಮೊದಲು ಬರಬೇಕು, ಹಾಸ್ಯ, ಟೀಕೆ ಆಮೇಲೆ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. 2023ರ ಫೆಬ್ರುವರಿ 1ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಕೊಡುತ್ತೇವೆ ಅಂತ ಓದಿದರು. ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗ, ನಮ್ಮ ಜಗಳೂರು, ಈ ಕಡೆಯ ಜನಕ್ಕೆ ಆ ಸಾಲು ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ತಿಳಿಯಲ್ಲ. 367 ಕೆರೆ ತುಂಬಿಸುವ ಯೋಜನೆ ಅದು. ಬೋರು ಕೊರೆಸಿ ಕೊರೆಸಿ ಸಾಲ ಮಾಡಿಕೊಂಡ ಮನೆಗಳು ಇಲ್ಲಿ ಎಷ್ಟಿವೆ! ಮೂರು ತಿಂಗಳಿಗೆ ವಿಧಾನಸಭಾ ಚುನಾವಣೆ ಇತ್ತು, ಎಲ್ಲ ವೇದಿಕೆಯಲ್ಲೂ ಈ 5,300 ಕೋಟಿಯದೇ ಮಾತು. ಆಮೇಲೆ ತೆರಿಗೆ ಪಾಲು ಸಾಲದು, ಈ ದುಡ್ಡೂ ಬಂದಿಲ್ಲ ಅಂತ ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ಗೇ ಹೋಗಿ ಕೂತಿತು, 2024ರ ಫೆಬ್ರುವರಿಯಲ್ಲಿ. ಕೇಂದ್ರ ಒಂದು ಹೇಳುತ್ತೆ, ರಾಜ್ಯ ಒಂದು ಹೇಳುತ್ತೆ. ಯಾರನ್ನು ನಂಬಬೇಕು? ಆ ಬಜೆಟ್ ಭಾಷಣ ಹಾಕಿಕೊಂಡು ಕೇಳಿ, ಮಾತು ಕೊಟ್ಟಿದ್ದು ಹೌದೋ ಅಲ್ವಾ ಅಂತ ಅನುಮಾನವೇ ಉಳಿಯಲ್ಲ. ದಾವಣಗೆರೆಯ ಸಂಸದೆ ಪ್ರಭಾ ಮಲ್ಲಿಕಾರ್ಜುನ್ ಕಾಂಗ್ರೆಸ್, ಚಿತ್ರದುರ್ಗದ ಸಂಸದ ಗೋವಿಂದ ಕಾರಜೋಳ ಬಿಜೆಪಿ. ಇಬ್ಬರೂ ಸದನದಲ್ಲಿ ಈ ನೀರಿನ ಬಗ್ಗೆ ಏನು ಕೇಳಿದರು, ಮಂತ್ರಿ ಏನು ಹೇಳಿದರು ಅಂತ ಹುಡುಕಿ ನೋಡಿ, ಆಮೇಲೆ ಅವರು ಊರಿಗೆ ಬಂದಾಗ ಅದನ್ನೇ ಇಟ್ಟುಕೊಂಡು ಕೇಳಿ. ಹಾರ ಹಾಕೋಕೆ ಮುಂಚೆ ಕೇಳಿ.

ಇನ್ನು ಬೇಸರದ ಭಾಗ. ಕ್ಯಾಮೆರಾ.

ವಿರೋಧ ಪಕ್ಷದವರು ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ ಇಳಿದು ಕೂಗುತ್ತಿದ್ದರೆ ಪರದೆ ಮೇಲೆ ಸ್ಪೀಕರ್ ಮುಖ ಮಾತ್ರ. ಹಿಂದಿನಿಂದ ಶಬ್ದ ಬರುತ್ತೆ, ಯಾರು, ಯಾಕೆ, ಕೈಯಲ್ಲಿ ಏನು ಹಿಡಿದಿದ್ದಾರೆ, ಒಂದೂ ಕಾಣಲ್ಲ. ಅದೇ ಅವಿಶ್ವಾಸ ಚರ್ಚೆಯಲ್ಲಿ ರಾಹುಲ್ ಗಾಂಧಿ 37 ನಿಮಿಷ ಮಾತಾಡಿದರೆ ಪರದೆ ಮೇಲೆ ಕಂಡಿದ್ದು 14 ನಿಮಿಷ 37 ಸೆಕೆಂಡ್ ಅಂತ ಕಾಂಗ್ರೆಸ್‌ನ ಜೈರಾಮ್ ರಮೇಶ್ ಲೆಕ್ಕ ಕೊಟ್ಟರು. ಇದು ಸಂಸದ್ ಟಿವಿ ಬಂದ ಮೇಲಿನ ರೋಗವೂ ಅಲ್ಲ. 2020ರ ಸೆಪ್ಟೆಂಬರ್ 20ಕ್ಕೆ ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಬಂದಾಗ ಮತ ಎಣಿಸಿ ಅಂತ ವಿರೋಧ ಪಕ್ಷಗಳು ಕೇಳಿದರೂ ಧ್ವನಿಮತದಲ್ಲೇ ಪಾಸಾಯಿತು, ನೇರಪ್ರಸಾರದ ಧ್ವನಿಯೂ ಸ್ವಲ್ಪ ಹೊತ್ತು ನಿಂತುಹೋಯಿತು. ಭತ್ತ, ಮೆಕ್ಕೆಜೋಳ ಬೆಳೆಯುವ ಜಿಲ್ಲೆ ನಮ್ಮದು. ನಮ್ಮ ಹೊಲದ ಕಾನೂನು ಪಾಸಾಗುವಾಗ ನಮಗೇ ಕೇಳಿಸಲಿಲ್ಲ ಅಂದರೆ ಹೊಟ್ಟೆ ಉರಿಯಲ್ವಾ? ಆಮೇಲೆ 2021ರ ನವೆಂಬರ್ 29ಕ್ಕೆ ಅದೇ ಕಾನೂನುಗಳನ್ನು ವಾಪಸ್ ತಗೊಂಡರು, ಎರಡೂ ಸದನದಲ್ಲಿ, ಒಂದೇ ದಿನದಲ್ಲಿ, ಚರ್ಚೆಯೇ ಇಲ್ಲದೆ. ತಂದಿದ್ದು ಯಾಕೆ, ತೆಗೆದಿದ್ದು ಯಾಕೆ, ಎರಡನ್ನೂ ಜನರ ಮುಂದೆ ಬಿಡಿಸಿ ಹೇಳಬೇಕಿತ್ತು.

2023ರ ಡಿಸೆಂಬರ್ ಅಧಿವೇಶನದಲ್ಲಂತೂ 146 ಸಂಸದರನ್ನು ಅಮಾನತು ಮಾಡಿದರು. ಸಂಸತ್ತಿನ ಭದ್ರತೆ ಮುರಿದು ಒಳಗೆ ನುಗ್ಗಿದವರ ಬಗ್ಗೆ ಗೃಹ ಸಚಿವರು ಹೇಳಿಕೆ ಕೊಡಲಿ ಅಂತ ಅವರು ಪಟ್ಟು ಹಿಡಿದಿದ್ದರು. 1860ರ ದಂಡ ಸಂಹಿತೆ ಹೋಗಿ ಹೊಸ ಕ್ರಿಮಿನಲ್ ಕಾನೂನುಗಳು ಪಾಸಾಗಿದ್ದು ಆ ವಾರದಲ್ಲೇ, ಎದುರಿನ ಸಾಲುಗಳು ಬಹುಪಾಲು ಖಾಲಿ ಇದ್ದಾಗ. ಇಷ್ಟು ದೊಡ್ಡ ಕಾನೂನಿಗೆ ವಿರೋಧದ ವಾದ ಕೇಳದೆ ಕೈ ಎತ್ತೋದು ನನ್ನ ಪ್ರಕಾರ ಬಲವಲ್ಲ, ಭಯ. 2019ರಿಂದ 2024ರವರೆಗಿನ 17ನೇ ಲೋಕಸಭೆ ಐದು ವರ್ಷ ಪೂರ್ತಿ ಉಪಸಭಾಧ್ಯಕ್ಷರೇ ಇಲ್ಲದೆ ನಡೆಯಿತು ಅನ್ನೋದನ್ನೂ ಇದರ ಜೊತೆ ಇಟ್ಟು ನೋಡಿ.

ಬರೀ ಬಿಜೆಪಿಯನ್ನು ಬೈಯುತ್ತಾನೆ ಅಂತ ಯಾರಾದರೂ ಅಂದರೆ, ಬೆಂಗಳೂರಿನ ಕಡೆಗೂ ಬರುತ್ತೇನೆ. 2025ರ ಮಾರ್ಚ್ 21ಕ್ಕೆ ನಮ್ಮ ವಿಧಾನಸಭೆಯಲ್ಲಿ 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಸ್ಪೀಕರ್ ಪೀಠಕ್ಕೆ ಹತ್ತಿ ಕಾಗದ ಎಸೆದಿದ್ದು ತಪ್ಪೇ. ಆದರೂ ಆರು ತಿಂಗಳು ಅಂದರೆ ಅಷ್ಟು ಕ್ಷೇತ್ರದ ಜನರ ಬಾಯಿ ಕಟ್ಟಿದ ಹಾಗೆ. ಎರಡು ತಿಂಗಳಿಗೆ ವಾಪಸ್ ತಗೊಂಡರು, ಒಳ್ಳೆಯದಾಯಿತು. ದೆಹಲಿಯಲ್ಲಿ ಪ್ರಜಾಪ್ರಭುತ್ವ ಅಂತ ಕೂಗುವ ಕಾಂಗ್ರೆಸ್ ಇಲ್ಲೂ ಅದನ್ನೇ ಪಾಲಿಸಬೇಕು.

ಒಳ್ಳೆ ದಿನಗಳೂ ಇವೆ. 2025ರ ಏಪ್ರಿಲ್ 2ರ ವಕ್ಫ್ ತಿದ್ದುಪಡಿ ಚರ್ಚೆ ಮಧ್ಯರಾತ್ರಿ ದಾಟಿತು, 288ಕ್ಕೆ 232 ಮತ. ನಾನು ಆ ಮಸೂದೆಯ ವಿರುದ್ಧ. ಆದರೂ ಎರಡೂ ಕಡೆಯ ವಾದ ಪೂರ್ತಿ ಕೇಳೋಕೆ ಸಿಕ್ಕಿತು, ಸೋತರೂ 232 ಜನ ಯಾಕೆ ಬೇಡ ಅಂದರು ಅಂತ ದಾಖಲೆ ಉಳಿಯಿತು.

ಇನ್ನೊಂದು ಕೊರತೆ ಭಾಷೆ. ಸದನದ ಒಳಗೆ ಕೂತ ಸಂಸದರಿಗೆ ಕನ್ನಡದಲ್ಲೂ ಅನುವಾದ ಕೇಳುವ ವ್ಯವಸ್ಥೆ ಇದೆ. ಮನೆಯಲ್ಲಿ ಟಿವಿ ಹಾಕಿ ಕೂತವರಿಗೆ ಬಹುಪಾಲು ಹಿಂದಿ, ಇಂಗ್ಲಿಷ್. ಜಗಳೂರಿನ ರೈತ ಹೆಣ್ಣುಮಗಳೊಬ್ಬಳು ಭದ್ರಾ ನೀರಿನ ಉತ್ತರವನ್ನು ಹಿಂದಿಯಲ್ಲಿ ಯಾಕೆ ಕೇಳಬೇಕು? ಅನುವಾದಕರು ಹೇಗೂ ಇದ್ದಾರೆ, ಅದೇ ಧ್ವನಿಯನ್ನು ರಿಮೋಟಿನಲ್ಲಿ ಒಂದು ಬಟನ್ ಒತ್ತಿದರೆ ಕೇಳುವ ಹಾಗೆ ಮಾಡಲಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕತ್ತರಿಸದ ಚರ್ಚೆಗೆ, ಹಳೇ ದಾಖಲೆಗೆ ಪೂರ್ತಿ ಅಂಕ, ಕಡಿತ ಮಾಡಿದ್ದು ಕ್ಯಾಮೆರಾಕ್ಕೆ ಮತ್ತು ಕನ್ನಡಕ್ಕೆ. ಹೊಸದಾಗಿ ನೋಡುವವರು ಬಜೆಟ್ ಅಧಿವೇಶನದಿಂದ ಶುರು ಮಾಡಿ, ನೀರಾವರಿ ಮತ್ತು ರೈಲ್ವೆ ಪ್ರಶ್ನೆಗಳು ಬರುವ ದಿನ ತಪ್ಪಿಸಬೇಡಿ.