ಸ್ಪೋಕನ್ ಕ್ಲಾಸೋ, ಸಂವಿಧಾನದ ಎರಡು ಪ್ರತಿಯೋ?

ಕನ್ನಡ ಮಾಧ್ಯಮದಲ್ಲಿ ಡಿಗ್ರಿ ಮುಗಿಸಿ ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕ್ಯಾಂಪಸ್ಸಿಗೆ ರಾಜ್ಯಶಾಸ್ತ್ರ ಓದಲು ಬರುವವರು ನನ್ನನ್ನು ಕೇಳುವುದು ಒಂದೇ: ಇಂಗ್ಲಿಷಿಗೆ ಸಂಜೆ ಸ್ಪೋಕನ್ ಕ್ಲಾಸಿಗೆ ಸೇರಲೋ, ರೂಮಿನಲ್ಲೇ ಓದಿಕೊಳ್ಳಲೋ?

ಕ್ಲಾಸಿನಿಂದ ನಾಲಿಗೆ ಹೊರಳುತ್ತದೆ, ಸೆಮಿನಾರಿನಲ್ಲಿ ಎದ್ದು ನಿಲ್ಲುವ ಧೈರ್ಯ ಬರುತ್ತದೆ. ಆದರೆ ಪ್ರಬಂಧ ಬರೆಯುವ ಇಂಗ್ಲಿಷ್ ಬೇರೆಯೇ.

ಅದಕ್ಕೆ ಸಂವಿಧಾನದ ಕನ್ನಡ, ಇಂಗ್ಲಿಷ್ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ. 1ನೇ ವಿಧಿಯ ‘ಯೂನಿಯನ್ ಆಫ್ ಸ್ಟೇಟ್ಸ್’ನಲ್ಲಿ ಸ್ಟೇಟ್ ಅಂದರೆ ಕರ್ನಾಟಕದಂಥ ರಾಜ್ಯ. 12ನೇ ವಿಧಿಗೆ ಬಂದರೆ ಅದೇ ಪದದೊಳಗೆ ಕೇಂದ್ರ ಸರ್ಕಾರ, ಸಂಸತ್ತು, ಕೊನೆಗೆ ನಮ್ಮೂರಿನ ಪಂಚಾಯಿತಿಯೂ ಸೇರುತ್ತದೆ. ಇಲ್ಲಿ ಸ್ಟೇಟ್ ಅಂದರೆ ಪ್ರಭುತ್ವ, ಆಳುವ ಇಡೀ ವ್ಯವಸ್ಥೆ. ರಾಜ್ಯ ಬೇರೆ, ಪ್ರಭುತ್ವ ಬೇರೆ ಎಂದು ಕನ್ನಡದಲ್ಲಿ ಬಿಡಿಸಿ ಯೋಚಿಸಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹಾಗೆಯೇ 3ನೇ ವಿಧಿಯಲ್ಲಿ ಸಂಸತ್ತು ಹೊಸ ರಾಜ್ಯ ರಚಿಸ‘ಬಹುದು’, ಇಂಗ್ಲಿಷ್ ಪ್ರತಿಯಲ್ಲಿ ‘ಮೇ’. 14ರಲ್ಲಿ ಸಮಾನತೆಯನ್ನು ನಿರಾಕರಿಸ‘ತಕ್ಕದ್ದಲ್ಲ’, ಇಂಗ್ಲಿಷಿನಲ್ಲಿ ‘ಶಲ್ ನಾಟ್’. ಅಧಿಕಾರಕ್ಕೂ ಕಟ್ಟಳೆಗೂ ಇರುವ ವ್ಯತ್ಯಾಸ ಈ ಒಂದೊಂದು ಪದದಲ್ಲಿದೆ, ಅದನ್ನು ಯಾವ ಸ್ಪೋಕನ್ ಕ್ಲಾಸಿನಲ್ಲೂ ನಾನು ಕೇಳಲಿಲ್ಲ.

ಈ ದಾರಿ ನಿಧಾನ, ತಪ್ಪು ತಿದ್ದುವವರೂ ಇರುವುದಿಲ್ಲ. ವಾರಕ್ಕೊಂದು ಪ್ಯಾರಾ ಬರೆದು ಮೇಷ್ಟ್ರಿಗೆ ತೋರಿಸಿ. ವೈವಾ, ಅಂದರೆ ಮೌಖಿಕ ಪರೀಕ್ಷೆಯ ಭಯವೊಂದೇ ಇದ್ದರೆ ಎರಡು ತಿಂಗಳು ಕ್ಲಾಸಿಗೆ ಹೋಗಿ. ಇಲ್ಲವಾದರೆ ಆ ಫೀಸು ಉಳಿಸಿ, ಒಳ್ಳೆಯ ನಿಘಂಟು ಕೊಳ್ಳಿ.