"ಪರ್ಮಿಟ್ ನನ್ನ ಹತ್ರಾನೇ ಇದೆ" ಅಂದವನನ್ನ ನಂಬಬೇಡಿ

ನಾಚಿಕೆ ಬಿಟ್ಟು ಬರೀತಿದ್ದೀನಿ. ಹಿತ್ತಲು ಚೊಕ್ಕಟ ಮಾಡೋಕೆ ಒಬ್ಬನನ್ನ ಕರೆಸಿದ್ದೆ. ತರಗೆಲೆ, ಕಡಿದ ರೆಂಬೆ, ಹಸಿ ಸೊಪ್ಪು ಎಲ್ಲ ಸೇರಿ ಆಳೆತ್ತರದ ರಾಶಿ. ಸಾಗಿಸೋಕೆ ಬಾಡಿಗೆ ಯಾಕೆ, ಇಲ್ಲೇ ಸುಟ್ಟುಬಿಡೋಣ ಸಾರ್ ಅಂದ. ಪರ್ಮಿಟ್ ಬೇಕಲ್ವಾ ಅಂತ ಕೇಳಿದೆ. ಕೇಳಿದ್ದೆ! "ನನ್ನ ಹತ್ರಾನೇ ಇದೆ ಸಾರ್" ಅಂತ ಮೊಬೈಲಲ್ಲಿ ಸೀಲ್ ಬಿದ್ದ ಕಾಗದ ತೋರಿಸಿದ. ಸೀಲ್ ನೋಡಿದೆ, ಓದಲಿಲ್ಲ.

ಹಸಿ ಸೊಪ್ಪು ಹತ್ತುತ್ತಾ? ಬರೀ ಹೊಗೆ. ಗಾಳಿ ಬೇರೆ. ರಾಶಿಯಲ್ಲಿ ಕಣಗಿಲೆ ರೆಂಬೆನೂ ಇತ್ತು, ಅದರ ಹೊಗೆನೇ ವಿಷ ಅಂತ ಆಮೇಲೆ ಗೊತ್ತಾಯ್ತು. ಅಕ್ಕಪಕ್ಕದವರು ದೂರು ಕೊಟ್ರು. ಕೊಟ್ಟಿದ್ದು ಸರಿನೇ.

ಬಂದ ಅಧಿಕಾರಿ ಮೊಬೈಲನ್ನ ನನ್ನ ಕೈಗೇ ಕೊಟ್ಟು "ಓದಿ" ಅಂದ್ರು. ವಿಳಾಸ ಇನ್ಯಾರದ್ದೋ. ತಾರೀಖು ಹೋದ ತಿಂಗಳದ್ದು. ಪರ್ಮಿಟ್ ಸರಿಯಿದ್ರೂ ಇಷ್ಟು ಗಾಳಿ ಇರುವಾಗ ಹಚ್ಚೋ ಹಾಗಿಲ್ಲ, ಬೆಳಿಗ್ಗೆ ಫೋನ್ ಮಾಡಿ ಕೇಳಬೇಕಿತ್ತು ಅಂದ್ರು. ಆಮೇಲೆ ಕೋಲಿಂದ ರಾಶಿ ಕೆದಕಿದ್ರು. ಒಳಗೆ ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಚೀಲ, ಹಳೇ ಫೋಮು. "ಇದೂ ನಿಮ್ಮ ಹಿತ್ತಲಲ್ಲೇ ಬೆಳೆದಿದ್ದಾ?"

ಎಲ್ಲರೂ ನೋಡ್ತಿದ್ರು. ಬೇರೆ ಯಾರದೋ ಮನೆ ಕಸ ತಂದು ನನ್ನ ಸೊಪ್ಪಿನ ಅಡಿಗೆ ತುರುಕಿದ್ದಾನೆ! ಅವರ ಹತ್ರ ಸಾಗಿಸೋ ದುಡ್ಡು, ನನ್ನ ಹತ್ರ ಸುಡೋ ದುಡ್ಡು.

ದಂಡ ನನ್ನ ಹೆಸರಿಗೆ, ಜಾಗ ನನ್ನದಲ್ವಾ. ಅರ್ಧ ಆದ್ರೂ ಕೊಡಪ್ಪಾ ಅಂದ್ರೆ ಏನಂದ ಗೊತ್ತಾ? "ಪರ್ಮಿಟ್ ಇದೆ ಅಂದೆ ಸಾರ್, ನಿಮ್ಮ ಮನೇದು ಅಂದ್ನಾ?" ಇನ್ನೊಂದ್ಸಲ ಕೇಳಿದ್ದಕ್ಕೆ "ಕಡ್ಡಿ ಗೀರುವಾಗ ನೀವೂ ಅಲ್ಲೇ ನಿಂತಿದ್ರಲ್ಲಾ." ನಿಂತಿದ್ದೆ. ಅದೇ ಉರಿ ನನಗೆ. "ಎಲ್ಲರೂ ಹೀಗೇ ಮಾಡೋದು" ಅಂತ ಮೂರು ಸಲ ಹೇಳಿದ. ಎಲ್ಲರೂ ಅಂದ್ರೆ ಯಾರಯ್ಯಾ?

ಪರ್ಮಿಟ್ ನೀವೇ ಹೋಗಿ ನಿಮ್ಮ ಹೆಸರಲ್ಲಿ ತಗೊಳ್ಳಿ, ವಿಳಾಸ, ತಾರೀಖು ಓದಿ. ಹಚ್ಚೋ ಮುಂಚೆ ರಾಶೀನ ಬುಡದಿಂದ ಮಗುಚಿ ನೋಡಿ. ಅದೆಲ್ಲ ಆಗಲ್ಲ ಅಂದ್ರೆ ಗುಂಡಿ ತೋಡಿ ಗೊಬ್ಬರ ಮಾಡಿ, ಸುಡೋ ಗೋಜೇ ಬೇಡ. ನೀರು ಸುರಿದ ಮೇಲೆ ಆರಿತು ಅಂತ ಹೋಗಿ ಮಲಗಲೂ ಬೇಡಿ. ಮಾರನೇ ದಿನ ಬೂದಿ ಕೆದಕಿದ್ರೆ ಒಳಗೆ ಕೆಂಡ ಕೆಂಪಗೇ ಇತ್ತು. ಪಕ್ಕದಲ್ಲಿ ಒಂದು ಬಾಗಿಲ ಚಿಲಕ. ನಮ್ಮನೆ ಬಾಗಿಲೆಲ್ಲ ಚಿಲಕ ಸಮೇತ ನೆಟ್ಟಗಿವೆ. ಎತ್ತಿಟ್ಟಿದ್ದೀನಿ, ಅವನು ಫೋನ್ ಎತ್ತಲಿ.